ಕಮಲಮ್ಮ ಟೀಚರ್ ಕೈಗೆ ಬಂದ ತಕ್ಕಡಿ

ಈ ತಕ್ಕಡಿಗೆ ನಾನು ಕೊಟ್ಟದ್ದು ಇನ್ನೂರು ರೂಪಾಯಿ. ಮಾರ್ಕೆಟ್ಟಿನ ಹಿಂದಿನ ಗಲ್ಲಿಯವನು ಮುನ್ನೂರೈವತ್ತು ಕೇಳಿದ. ನಾನು ನನ್ನ ಬೆಲೆ ಹೇಳಿ, ಬೆನ್ನು ತಿರುಗಿಸಿ, ನಿಧಾನವಾಗಿ ನಡೆದೆ. ನಿಧಾನ ಮುಖ್ಯ, ಬೇಗ ನಡೆದರೆ ವಾಪಸು ಕರೆಯಲು ಅವನಿಗೆ ಪುರುಸೊತ್ತು ಸಿಗುವುದಿಲ್ಲ. ಕರೆದ. ಮುಖ್ಯೋಪಾಧ್ಯಾಯಿನಿಗೆ ತಕ್ಕಡಿ ಯಾಕೆ ಎನ್ನುತ್ತೀರಾ? ನಾಳೆ ನಮ್ಮ ಶಾಲೆಗೆ ತರಬೇತಿಯ ಹುಡುಗಿಯೊಬ್ಬಳು ಗಣಿತದ ಜವಾಬ್ದಾರಿ ಹೊತ್ತು ಬರುತ್ತಿದ್ದಾಳೆ. ಅದಕ್ಕೆ.

ತೊಂಬತ್ತರ ದಶಕದಲ್ಲಿ ನಾನೂ ಹಾಗೇ ಬಂದವಳು. ಅಪ್ಪನದು ಸೊಪ್ಪಿನ ವ್ಯಾಪಾರ. ಮಗ್ಗಿಗಿಂತ ಮೊದಲು ಚೌಕಾಸಿ ಕಲಿತು ಟಿ.ಸಿ.ಎಚ್. ಶಿಕ್ಷಕ ತರಬೇತಿಗೆ ಸೇರಿದ್ದೆ. ನಮ್ಮ ತರಬೇತಿ ಮೇಷ್ಟ್ರದು ಒಂದು ವಿಚಿತ್ರ ಪದ್ಧತಿ. ಒಬ್ಬೊಬ್ಬರಿಗೆ ಒಂದು ಶಾಲೆ, ಒಂದು ವಿಷಯ. ಆ ವಿಷಯವನ್ನು ನಾವು ಕಲಿಸಿದರೆ ಸಾಲದು, ಅಲ್ಲಿನ ಟೀಚರುಗಳೂ ಹೊಸದಾಗಿ ಕಲಿಸುವಂತೆ ಮಾಡಬೇಕು. ಆಗದಿದ್ದರೆ ಅಭ್ಯಾಸ ಪಾಠವೆಲ್ಲ ಮತ್ತೆ ಮೊದಲಿಂದ. ಮೀಸೆ ಚಿಗುರದ ಹುಡುಗನನ್ನು ಬೀಗರ ಮನೆಯ ಯಜಮಾನಿಕೆಗೆ ಕೂರಿಸಿದ ಹಾಗೆ.

ನನಗೆ ಬಂದದ್ದು ಚಾಮರಾಜಪೇಟೆಯ ಒಂದು ಶಾಲೆ, ಗಣಿತ ಮತ್ತು ಕಮಲಮ್ಮ ಟೀಚರ್. ನಾನು ಹುಟ್ಟುವ ಮೊದಲೇ ಪಾಠ ಹೇಳಲು ಶುರುಮಾಡಿದವರು. ಶಾಲೆಯ ತಕ್ಕಡಿ ಅವರ ಬೀರುವಿನಲ್ಲಿ ಪ್ಲಾಸ್ಟಿಕ್ ಸುತ್ತಿಕೊಂಡು ಮಲಗಿತ್ತು. ಇನ್‌ಸ್ಪೆಕ್ಟರು ಬಂದಾಗ ಮಾತ್ರ ಏಳುತ್ತಿತ್ತು. ಮಕ್ಕಳು ಮುರಿದರೆ ಉತ್ತರ ಹೇಳಬೇಕಾದವರು ತಾವು ಎಂಬುದು ಅವರ ವಾದ. ಸುಳ್ಳೇನಲ್ಲ. ಕಾಡಿ ಬೇಡಿ ಕೀಲಿ ತೆಗೆಸಿ ಒಂದು ವಾರ ಅದ್ಭುತವಾಗಿ ಪಾಠ ಮಾಡಿದೆ. ಅದ್ಭುತ ಎಂದದ್ದು ನಾನೇ. ಕಮಲಮ್ಮ ಕಿಟಕಿಯ ಬಳಿ ಕೂತು ಮಲ್ಲಿಗೆ ಕಟ್ಟಿದರು. ನೋಡಲು ಬಂದ ಮೇಷ್ಟ್ರು ಹೇಳಿದ್ದಿಷ್ಟು:

"ಚೆನ್ನಾಗಿ ಮಾಡ್ದೆ ಕಣಮ್ಮ. ನೀನು ಹೋದ್ಮೇಲೆ ಈ ತಕ್ಕಡಿ ಎಲ್ಲಿರುತ್ತೆ?"

ನಾನು ಬೀರುವನ್ನು ನೋಡಿದೆ. ಶನಿವಾರ ಮತ್ತೆ ಬರುತ್ತೇನೆಂದು ಅವರು ಹೊರಟುಹೋದರು.

ಆ ರಾತ್ರಿ ಉಪ್ಪಿಟ್ಟೂ ರುಚಿಸಲಿಲ್ಲ. ಕೈಗಿಟ್ಟರೂ ಬೇಡವೆನ್ನುವ ಗಿರಾಕಿಗೆ ಅಪ್ಪ ಏನು ಮಾಡುತ್ತಿದ್ದ? ಸೊಪ್ಪಿನ ಕಟ್ಟನ್ನು ಎತ್ತಿ ವಾಪಸು ಬುಟ್ಟಿಗೆ ಇಡುತ್ತಿದ್ದ. ಆಗ ಗಿರಾಕಿಯೇ ಕೈ ಚಾಚುತ್ತಿದ್ದ.

ಶನಿವಾರ ಒಂದು ತಟ್ಟೆಯಲ್ಲಿ ಡಸ್ಟರು, ಇನ್ನೊಂದರಲ್ಲಿ ಹುಣಸೆಬೀಜ. ಸಮವಾಗಲು ಎಷ್ಟು ಬೀಜ ಬೇಕೆಂದು ಮಕ್ಕಳು ಕಿತ್ತಾಡುತ್ತಿದ್ದರು. ಮೇಷ್ಟ್ರು ಬಾಗಿಲಲ್ಲಿ ನಿಂತಿದ್ದರು. ತಕ್ಕಡಿ ವಾಲಿರುವಾಗಲೇ ನಾನು ನಿಲ್ಲಿಸಿದೆ.

"ಟೀಚರ್, ಇಲ್ಲಿಂದ ಮುಂದೆ ನಂಗೆ ಬರ್ತಿಲ್ಲ" ಎಂದು ಬೆನ್ನು ತಿರುಗಿಸಿ ನಡೆದೆ. ನಿಧಾನವಾಗಿ.

ಬಾಗಿಲು ಬಂತು. ಕಮಲಮ್ಮ ಕರೆಯಲಿಲ್ಲ. ಇನ್ನೊಂದು ಹೆಜ್ಜೆ ಇಟ್ಟರೆ ನಾನು ಹೊರಗೆ, ತಕ್ಕಡಿ ಒಳಗೆ.

"ಇಷ್ಟೂ ಬರಲ್ವೇನೆ? ಸರಿ, ಬಾ ಇಲ್ಲಿ, ಬೀಜ ಹಿಡ್ಕೊ."

ತಿರುಗಿ ನೋಡಿದರೆ ಕಮಲಮ್ಮ ಮೇಜಿನ ಮುಂದೆ ನಿಂತಿದ್ದರು. ಡಸ್ಟರು ತೆಗೆದು, ಅರ್ಧ ಕಟ್ಟಿದ ಮಲ್ಲಿಗೆಯನ್ನೇ ತಟ್ಟೆಗೆ ಹಾಕಿ, ಇದಕ್ಕೆಷ್ಟು ಬೀಜ ಹೇಳ್ರೋ ಎಂದು ಕೇಳಿದರು. ಅಂಥ ಪಾಠ ನನಗೆ ಇವತ್ತಿಗೂ ಬಂದಿಲ್ಲ. ಸೋಮವಾರ ತಕ್ಕಡಿ ಬೀರುವಿನ ಮೇಲಿತ್ತು, ಒಳಗಲ್ಲ. ನಾನು ಪಾಸಾದೆ.

ಕೊನೆಯ ದಿನ ಬಾಳೆಹಣ್ಣು ಕೊಟ್ಟು ನಮಸ್ಕಾರ ಮಾಡುವಾಗ ಅವರು ಕಿವಿಯ ಹತ್ತಿರ ಬಾಗಿ ಹೇಳಿದರು: "ನಿಂಗೆ ಬರುತ್ತೆ ಅಂತ ಗೊತ್ತಿತ್ತು ಕಣೆ. ಕೂತೂ ಕೂತೂ ನಂಗೂ ಬೇಜಾರಾಗಿತ್ತು. ಯಾರೂ ಕರೀಲಿಲ್ಲ, ಅಷ್ಟೆ."

ನಾಳೆ ಆ ಹುಡುಗಿಗೆ ಒಂದು ಪಾಠ ಮಾಡಿಯೇ ತೋರಿಸಬೇಕೆಂದು ತಕ್ಕಡಿ ಹಿಡಿದು ಬಸ್ಸಿನಲ್ಲಿ ಜಂಬದಿಂದ ಬಂದೆ. ಇಷ್ಟು ಬರೆದಮೇಲೆ ಬೇಡವೆನಿಸಿದೆ. ತಕ್ಕಡಿ ಅವಳ ಕೈಗೆ ಕೊಟ್ಟು, ಅವಳು ಕರೆಯುವವರೆಗೆ ಕಿಟಕಿಯ ಬಳಿ ಕೂರುತ್ತೇನೆ.

ನಿಮಗೂ ಒಂದು ಮಾತು. ಹೊಸಬರು ಬಂದರೆ ಮೊದಲ ದಿನವೇ ಬೀರುವಿನ ಕೀಲಿ ಕೊಟ್ಟುಬಿಡಿ. ಹೊಸಬರು ನೀವೇ ಆದರೆ, ಪಾಠವನ್ನು ಎಲ್ಲಿ ನಿಲ್ಲಿಸಬೇಕೆಂದು ಮನೆಯಲ್ಲೇ ಯೋಚಿಸಿಕೊಂಡು ಹೋಗಿ. ಯಾರಾದರೂ ಬೆನ್ನು ತಿರುಗಿಸಿ ನಿಧಾನವಾಗಿ ನಡೆಯುತ್ತಿದ್ದರೆ, ಬಾಗಿಲು ದಾಟುವ ಮೊದಲು ಕರೆಯಿರಿ. ತಕ್ಕಡಿಗೆ ಮಾತ್ರ ಇನ್ನೂರಕ್ಕಿಂತ ಜಾಸ್ತಿ ಕೊಡಬೇಡಿ.