ಜೇವರ್ಗಿಯ ಅಳತೆ
ಟಾಂಜಾನಿಯಾದ ಹಳ್ಳಿಶಾಲೆಯಲ್ಲಿ ಸಂಬಳವಿಲ್ಲದೆ ಕಲಿಸುವ ಭಾಗ್ಯಜ್ಯೋತಿ ಟೀಚರ್ ಜಗತ್ತನ್ನೆಲ್ಲ ತಮ್ಮೂರು ಜೇವರ್ಗಿಯಿಂದಲೇ ಅಳೆಯುತ್ತಾರೆ. ಜೊತೆಗೆ ಕಲಿಸುವ ನಾನು ಬೆವರು ಒರೆಸಿಕೊಂಡರೆ, "ಇದೂ ಒಂದು ಬಿಸಲೇನ್ರಿ? ನೀವು ಧಾರವಾಡದವ್ರು ಬೆಣ್ಣಿ ಇದ್ದಂಗ. ಜೇವರ್ಗ್ಯಾಗ ಕಲ್ಲ ಮ್ಯಾಲೆ ರೊಟ್ಟಿ ಬೇಯ್ತಾವ!" ಎನ್ನುತ್ತಾರೆ. ಇಲ್ಲಿಯ ಶೇಂಗಾ ಅವರಿಗೆ ಸಪ್ಪೆ. ಇಲ್ಲಿಯ ದೊಡ್ಡ ಸರೋವರವೂ ಅವರೂರ ಭೀಮಾ ನದಿಯ ಮುಂದೆ ಬರೀ ಹೊಂಡ. ಅವರು ಜೋಳದ ರೊಟ್ಟಿ ಬಡಿಯುವ ಸದ್ದಿಗೆ ಓಡಿಬರುವ ಮಕ್ಕಳಿಗೂ ಜೇವರ್ಗಿಯೇ ಭೂಮಿಯ ನಡುವಿನ ಊರು. ಆ ಮಕ್ಕಳಲ್ಲಿ ನೀಮಾ ಎಂಬವಳು ದಿನಾ ಬೆಳಿಗ್ಗೆ ತನ್ನ ಮನೆಗೆ ನೀರು ಹೊರಬೇಕು. ಅದಕ್ಕಾಗಿ ವಾರ್ಷಿಕ ಪರೀಕ್ಷೆ ತಪ್ಪಿದ್ದರೆ ಅವಳ ಓದು ಅಲ್ಲಿಗೇ ಮುಗಿಯುತ್ತಿತ್ತು. ಪರೀಕ್ಷೆಯ ಬೆಳಿಗ್ಗೆ ಟೀಚರ್ ಅವಳ ಕೊಡ ಕಸಿದುಕೊಂಡು, ಅವಳನ್ನು ಪರೀಕ್ಷೆಗೆ ಒಳಗೆ ಕಳಿಸಿ, ಸೆರಗಿನಿಂದ ಸಿಂಬಿ ಸುತ್ತಿ ಬಾವಿಗೆ ನಡೆದರು. ತುಂಬಿದ ಕೊಡವನ್ನು ನೀಮಾಳ ಮನೆಯಲ್ಲಿ ಇಳಿಸಿ ಅವರು ಗೋಡೆಗೆ ಒರಗಿದರು. ಹಿಂದೆಯೇ ಹೋಗಿದ್ದ ನಾನು, "ಭಾರ ಆತೇನ್ರಿ?" ಎಂದೆ. "ಇದೂ ಒಂದು ಕೊಡೇನ್ರಿ? ನಮ್ಮೂರ ಹೆಣ್ಮಕ್ಳು ಎರಡು ಹೊರ್ತಾರ!" ಎಂದವರೇ, ಎರಡನೆಯದನ್ನು ತರಲು ಹೊರಟರು.