ಕೆಮ್ಮು ಬೆರೆಸಿದ ಹಾಜರಿ

ಇಟ್ಟಮಡುವಿನ ಶಾಂತಲಾಗೆ ದೇವರು ಕೊಟ್ಟಿದ್ದು ಒಂದೇ ಗಂಟಲು. ಆದರೆ ಅವಳು ಆ ಗಂಟಲಲ್ಲಿ ಇಡೀ ಬೀದಿಯನ್ನೇ ತುಂಬಿಕೊಂಡಿದ್ದಳು. ಸೊಪ್ಪಿನವಳ ಕೂಗು, ಹಳೇ ಪೇಪರಿನವನ ಕೂಗು, ಎದುರು ಮನೆಯ ಆಂಟಿ ಗಂಡನನ್ನು ಗದರುವ ದನಿ, ಎಲ್ಲವೂ ಹಾಗ್ಹಾಗೇ ಬರುತ್ತಿದ್ದವು. ಅಜ್ಜಿ ಅಣ್ಣಮ್ಮ ಹಾಲಿನವನು ಬಂದನೆಂದು ಪಾತ್ರೆ ಹಿಡಿದು ಬಾಗಿಲಿಗೆ ಬಂದು, ಅಲ್ಲಿ ಮೊಮ್ಮಗಳು ಕಿಸಕ್ಕನೆ ನಗುವುದನ್ನು ಕಂಡು ಎಷ್ಟು ಸಲ ಬೈದಿದ್ದಳೋ. ಬೈದು ಆದಮೇಲೆ ಇನ್ನೊಂದು ಸಲ ಮಾಡು ಎಂದು ಕೇಳುವವಳೂ ಅವಳೇ.

ಇಂಥ ಗಂಟಲು ಜಯನಗರದ ಕಾಲೇಜಿಗೆ ಹೋಗಿ ಬಿಕಾಂ ಸೇರಿದರೆ ಏನಾಗಬೇಕೋ ಅದೇ ಆಯಿತು. ಹಾಜರಿ ಕೂಗುವಾಗ ಬಾರದವರ ಹೆಸರಿಗೆಲ್ಲ ಇವಳೇ ಓಗೊಡತೊಡಗಿದಳು. ಹುಡುಗಿಯರು ಬರೀ ಪ್ರಾಕ್ಸಿ ಹಾಕುತ್ತಾರೆ, ಇವಳು ಪ್ರಾಕ್ಸಿಗೆ ಜೀವ ತುಂಬುತ್ತಿದ್ದಳು. ಒಬ್ಬಳಿಗೆ ಮೂಗಿನ ದನಿ, ಒಬ್ಬಳಿಗೆ ನಿದ್ದೆಗಣ್ಣಿನ ದನಿ. ತಪ್ಪಲ್ಲವೇನೇ ಎಂದರೆ ಸ್ನೇಹ ಎನ್ನುತ್ತಿದ್ದಳು. ಆ ವಯಸ್ಸಿನಲ್ಲಿ ಎಲ್ಲದಕ್ಕೂ ಅದೊಂದೇ ಹೆಸರು ನೋಡಿ.

ಮೂರನೇ ಸೆಮಿಸ್ಟರಿಗೆ ಕಾಸ್ಟಿಂಗ್ ಎಂಬ ವೆಚ್ಚದ ಲೆಕ್ಕದ ಪಾಠಕ್ಕೆ ರೇಖಾ ಮೇಡಂ ಬಂದರು. ಮೊದಲ ದಿನ ಪಾಠವೇ ಇಲ್ಲ, ಬರೀ ನಿಯಮ. ತಡವಾಗಿ ಬಂದವರು ಹೊರಗೇ. ಮೊಬೈಲು ಮೇಜಿನ ಮೇಲಿನ ಡಬ್ಬಿಯೊಳಗೆ. ಬೇರೆಯವರ ಹೆಸರಿಗೆ ಓಗೊಟ್ಟರೆ, ಕೊಟ್ಟವಳಿಗೂ ಕೊಡಿಸಿಕೊಂಡವಳಿಗೂ ಆ ವರ್ಷ ಪರೀಕ್ಷೆ ಇಲ್ಲ. ಇದಕ್ಕೆ ವಿದ್ಯಾರ್ಥಿಗಳು ಮಾತ್ರವಲ್ಲ, ಮನೆಯವರೂ ಸಹಿ ಹಾಕಬೇಕು. ಶಾಂತಲಾಳ ಅಮ್ಮ ಶಿವವ್ವ ಗಾರ್ಮೆಂಟ್ಸಿಗೆ ಅರ್ಧ ದಿನ ರಜೆ ಹಾಕಿ ಬಂದಳು. ಇದರಲ್ಲಿ ಏನಿದೆ ಎಂದು ಮಗಳನ್ನು ಕೇಳಿದಳು. ಚೆನ್ನಾಗಿ ಓದಬೇಕು ಅಂತ ಇದೆ ಎಂದಳು ಮಗಳು. ಶಿವವ್ವ ಖುಷಿಯಿಂದ ದುಂಡಗೆ ಸಹಿ ಹಾಕಿದಳು.

ಅಷ್ಟಾದರೂ ಶಾಂತಲಾ ಬಿಡಲಿಲ್ಲ. ಮೇಡಂ ತಲೆ ತಗ್ಗಿಸಿಕೊಂಡೇ ಹೆಸರು ಕೂಗುತ್ತಿದ್ದರು. ತಮ್ಮ ಕಿವಿಗೆ ಮೋಸ ಮಾಡುವವರು ಹುಟ್ಟಿಲ್ಲ ಎಂದು ಅವರಿಗೆ ಭಾರಿ ನಂಬಿಕೆ.

ಶಾಂತಲಾಳ ಜೀವದ ಗೆಳತಿ ಸಮನ್ವಿತಾ. ಜಯನಗರದ ಹಳೇ ಮನೆಯ ಹುಡುಗಿ, ರಾಮಪ್ರಸಾದರ ಒಬ್ಬಳೇ ಮಗಳು. ಚಿಕ್ಕಂದಿನಿಂದ ಸಕ್ಕರೆ ಕಾಯಿಲೆ, ಹೊತ್ತುಹೊತ್ತಿಗೆ ಇನ್ಸುಲಿನ್ ಚುಚ್ಚಿಕೊಳ್ಳಬೇಕು, ಚುಚ್ಚಿಕೊಂಡ ಮೇಲೆ ತಿನ್ನಲೇಬೇಕು. ಅವಳಿಗೆ ಕಾಸ್ಟಿಂಗ್ ಎಂದರೆ ಹುಲಿ ಕಂಡ ಹಾಗೆ. ಶುಕ್ರವಾರ ರಾಹುಕಾಲದಲ್ಲಿ ಬನಶಂಕರಿ ಅಮ್ಮನಿಗೆ ನಿಂಬೆಹಣ್ಣಿನ ದೀಪ ಹಚ್ಚಿದರೆ ಪಾಸಾಗುವುದು ಖಂಡಿತ ಎಂದು ಯಾರೋ ಹೇಳಿದ್ದರು. ಮನೆಯಲ್ಲಿ ಕೇಳಿದರೆ ಭಾನುವಾರ ಹೋಗೋಣ ಎನ್ನುತ್ತಾರೆ. ಅದಕ್ಕೇ ಕಾಲೇಜಿಗೆಂದು ಹೊರಟು ನೇರ ಗುಡಿಗೆ ಹೋಗುತ್ತೇನೆ, ನೀನು ಪ್ರಾಕ್ಸಿ ಹಾಕು, ಮಧ್ಯಾಹ್ನದ ಹೊತ್ತಿಗೆ ಬಂದುಬಿಡುತ್ತೇನೆ ಎಂದು ಗುರುವಾರ ಸಂಜೆ ಬಸ್‌ ಸ್ಟಾಪಿನಲ್ಲಿ ಶಾಂತಲಾಳ ಕೈ ಹಿಡಿದುಕೊಂಡಳು. ದೀಪ ಹಚ್ಚುವವರೆಗೆ ಏನೂ ತಿನ್ನಬಾರದಂತೆ ಎಂದೂ ಹೇಳಿದಳು.

"ಇಂಜೆಕ್ಷನ್ ತಗೊಂಡು ಉಪವಾಸ ಇರ್ತೀಯೇನೇ?"

"ಒಂದೊತ್ತು ತಾನೇ, ಏನಾಗಲ್ಲ ಬಿಡು. ಮನೇಲಿ ಮಾತ್ರ ಬಾಯಿ ಬಿಡ್ಬೇಡ."

ಶುಕ್ರವಾರ ಬೆಳಿಗ್ಗೆ ಮೇಡಂ ಸಮನ್ವಿತಾಳ ಹೆಸರು ಕೂಗಿದರು. ಆ ವಾರ ಅವಳಿಗೆ ನೆಗಡಿ. ಶಾಂತಲಾ ಅದನ್ನೂ ಬಿಡಲಿಲ್ಲ, "ಪ್ರೆಸೆಂಟ್ ಮೇಡಂ" ಎಂದು ತೆಳ್ಳಗೆ ಹೇಳಿ, ಕೊನೆಗೊಂದು ಸಣ್ಣ ಕೆಮ್ಮು ಸೇರಿಸಿದಳು. ಹಿಂದಿನ ಬೆಂಚಿನವರೂ ಸಮನ್ವಿತಾ ಮುಂದೆಲ್ಲೋ ಕೂತಿದ್ದಾಳೆ ಎಂದುಕೊಂಡರು. ಮೇಡಂ ಗುರುತು ಹಾಕಿ, ಹುಷಾರಾಗಿರು, ಕಷಾಯ ಕುಡಿ ಎಂದರು. ಶಾಂತಲಾಗೆ ಒಳಗೊಳಗೇ ಹೆಮ್ಮೆ.

ಮಧ್ಯಾಹ್ನವಾಯಿತು, ಸಮನ್ವಿತಾ ಬರಲಿಲ್ಲ. ಫೋನು ಬಡಿದುಕೊಳ್ಳುತ್ತದೆ, ಎತ್ತುವುದಿಲ್ಲ. ದಿನವೂ ಊಟದ ಹೊತ್ತಿಗೆ ಮಗಳೊಂದಿಗೆ ಮಾತಾಡುವ ರಾಮಪ್ರಸಾದರು ಇಂದು ಅವಳು ಸಿಗದೆ ಗಾಬರಿಯಾಗಿ, ಸ್ಕೂಟರ್ ಹಾಕಿಕೊಂಡು ಕಾಲೇಜಿಗೇ ಬಂದರು. ಪ್ರಿನ್ಸಿಪಾಲ್ ಶಶಿಕಾಂತ್ ಸಾರ್ ಹಾಜರಿ ನೋಡಿ, ಹುಡುಗಿ ಬೆಳಿಗ್ಗೆ ಬಂದಿದ್ದಾಳೆ, ಎಲ್ಲೂ ಹೋಗಿಲ್ಲ, ಸಕ್ಕರೆ ಕಾಯಿಲೆ ಬೇರೆ, ಇಲ್ಲೇ ಎಲ್ಲೋ ಬಿದ್ದಿರಬೇಕು ಎಂದರು. ಗೇಟು ಹಾಕಿಸಿದರು. ಹುಡುಗಿ ಸಿಗುವವರೆಗೆ ಯಾರೂ ಹೊರಗೆ ಹೋಗಕೂಡದು.

ಹುಡುಕಾಟ ಶುರುವಾಯಿತು. ಶೌಚಾಲಯಗಳ ಬಾಗಿಲು ಬಡಿದರು. ಲೈಬ್ರರಿಯ ಕಪಾಟಿನ ಸಂದಿ ನೋಡಿದರು. ಟೆರೇಸಿನ ಬೀಗ ಒಡೆದರು. ಶಾಂತಲಾ ಮೆಟ್ಟಿಲ ಬಳಿ ನಿಂತೇ ಇದ್ದಳು. ಇವರು ಹುಡುಕುವ ಜಾಗದಲ್ಲಿ ಅವಳಿಲ್ಲವೆಂದು ಗೊತ್ತಿದ್ದವಳು ಇವಳೊಬ್ಬಳೇ. ಹೇಳಿದರೆ ಪರೀಕ್ಷೆ ಹೋಯಿತು. ಅಮ್ಮನ ಆ ದುಂಡನೆಯ ಸಹಿ ಕಣ್ಣ ಮುಂದೆ ಬಂತು. ಈಗ ಬರುತ್ತಾಳೆ, ಇನ್ನೇನು ಪ್ರಸಾದ ಹಿಡಿದುಕೊಂಡು ನಗುತ್ತಾ ಗೇಟಿನಲ್ಲಿ ಬರುತ್ತಾಳೆ ಎಂದು ದಾರಿ ನೋಡಿದಳು. ಮತ್ತೆ ಮತ್ತೆ ಫೋನು ಒತ್ತಿದಳು. ಆ ಕಡೆ ಯಾರೂ ಎತ್ತಲಿಲ್ಲ. ಇಂಜೆಕ್ಷನ್ ತೆಗೆದುಕೊಂಡಿದ್ದಾಳೆ, ತಿಂದಿಲ್ಲ. ಥೂ, ನಾನು ಎಂಥ ಪಾಪಿ ಎಂದುಕೊಂಡಳು, ಆದರೂ ಬಾಯಿ ತೆರೆಯಲಿಲ್ಲ. ಹೆದರಿಕೆ ಮನುಷ್ಯರನ್ನು ಅಷ್ಟು ಹಾಳು ಮಾಡುತ್ತದೆ.

ಕೊನೆಗೆ ಉಳಿದದ್ದು ಕಟ್ಟಡದ ಹಿಂದಿನ ನೀರಿನ ಸಂಪು. ಅಟೆಂಡರ್ ಪರಮಶಿವಯ್ಯ ಕಬ್ಬಿಣದ ಮುಚ್ಚಳ ಎಳೆದ. ಕೆಳಗೆ ಕಪ್ಪು ನೀರು. ರಾಮಪ್ರಸಾದರು ನೆಲದ ಮೇಲೆ ಮಂಡಿಯೂರಿ, ಕನ್ನಡಕ ಬೀಳದಂತೆ ಒಂದು ಕೈಯಲ್ಲಿ ಹಿಡಿದುಕೊಂಡು, ಆ ತೂತಿನೊಳಗೆ ಬಗ್ಗಿ ಮೆಲ್ಲಗೆ "ಸಮೂ" ಎಂದು ಕರೆದರು. ನೀರಿನೊಳಗಿಂದ ಅವರ ದನಿಯೇ ಹಿಂದಕ್ಕೆ ಬಂತು.

ಶಾಂತಲಾಗೆ ಇನ್ನು ತಡೆಯಲಾಗಲಿಲ್ಲ. ಓಡಿ ಹೋಗಿ ಅವರ ತೋಳು ಹಿಡಿದಳು. "ಅಂಕಲ್, ಅವಳು ಇವತ್ತು ಕಾಲೇಜಿಗೇ ಬಂದಿಲ್ಲ. ಬನಶಂಕರಿ ಗುಡಿಗೆ ಹೋಗಿದಾಳೆ. ಬೆಳಿಗ್ಗೆಯಿಂದ ಏನೂ ತಿಂದಿಲ್ಲ. ಅವಳ ಪ್ರೆಸೆಂಟ್ ಹೇಳಿದ್ದು ನಾನು."

ಯಾರೂ ನಂಬಲಿಲ್ಲ ಎಂದರೆ ನೀವು ನಂಬುತ್ತೀರಾ? ರೇಖಾ ಮೇಡಂ ಮುಖ ಬಿಳುಚಿಕೊಂಡಿತ್ತು. ಅವರು ಸುಳ್ಳು ಹೇಳುವ ಹೆಂಗಸಲ್ಲ, ಅದೇ ಅಡ್ಡವಾಯಿತು. "ಇಲ್ಲ ಸಾರ್, ನಾನೇ ಕಿವಿಯಾರೆ ಕೇಳಿದೀನಿ. ಕೆಮ್ಮಿದ್ಲು ಕೂಡ. ಈ ಹುಡುಗಿ ಗಾಬರೀಲಿ ಏನೇನೋ ಹೇಳ್ತಿದಾಳೆ." ಪ್ರಿನ್ಸಿಪಾಲರು ತಲೆಯಾಡಿಸಿ, ಸಂಪಿಗೆ ಜನ ಇಳಿಸಿ ಎಂದರು. ಪರಮಶಿವಯ್ಯ ಹಗ್ಗ ತರಲು ಹೊರಟ.

ಇನ್ನು ಒಂದೇ ದಾರಿ. ಶಾಂತಲಾ, ಮಂಡಿಯೂರಿದ್ದ ಆ ತಂದೆಯ ಮುಖ ನೋಡದೆ, ನೆಲ ನೋಡುತ್ತಾ, ಬಾಯಿ ತೆರೆದಳು.

"ಪ್ರೆಸೆಂಟ್ ಮೇಡಂ."

ಆಮೇಲೆ ಆ ಸಣ್ಣ ಕೆಮ್ಮು.

ರಾಮಪ್ರಸಾದರು ಬೆಚ್ಚಿಬಿದ್ದು ತಲೆಯೆತ್ತಿದರು. ಮಗಳು ಬಂದಳೆಂದು ಹಿಂದೆ ತಿರುಗಿ ನೋಡಿದರು. ಹಿಂದೆ ಯಾರೂ ಇರಲಿಲ್ಲ. ಅವರ ಕಣ್ಣು ಮತ್ತೆ ಶಾಂತಲಾಳ ಬಾಯಿಗೆ ಬಂದು ನಿಂತಾಗ, ಆ ಹುಡುಗಿಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ರೇಖಾ ಮೇಡಂ ಸಂಪಿನ ಕಟ್ಟೆ ಹಿಡಿದು ಕುಳಿತೇಬಿಟ್ಟರು.

ಗೇಟು ತೆಗೆಸಿದರು. ಸ್ಕೂಟರಿನ ಹಿಂದೆ ಶಾಂತಲಾ ಕೂತಳು. ಆಂಬುಲೆನ್ಸಿಗೆ ಮೇಡಮ್ಮೇ ಫೋನು ಮಾಡಿದರು.  ಪ್ರತಿ ಸಿಗ್ನಲ್ಲಿನಲ್ಲೂ ರಾಮಪ್ರಸಾದರು ಹಸಿರು ಬೀಳುವ ಮೊದಲೇ ಸ್ಕೂಟರನ್ನು ಮುಂದಕ್ಕೆ ನುಗ್ಗಿಸುತ್ತಿದ್ದರು. ಬನಶಂಕರಿ ಅಮ್ಮನ ಹೆಸರು ಹೇಳಿಕೊಳ್ಳಲೂ ಇವಳಿಗೆ ಧೈರ್ಯ ಬರಲಿಲ್ಲ.

ಗುಡಿಯಲ್ಲಿ ಅವಳಿರಲಿಲ್ಲ. ಹಿಂದಿನ ಅಡ್ಡರಸ್ತೆಯಲ್ಲಿ, ಬಾಗಿಲು ಹಾಕಿದ್ದ ಒಂದು ಅಂಗಡಿಯ ಜಗಲಿಯ ಮೇಲೆ ಸಿಕ್ಕಳು. ಗೋಡೆಗೆ ಒರಗಿ ಕಣ್ಣು ಮುಚ್ಚಿದ್ದಳು. ಹಣೆಯ ತುಂಬ ಕುಂಕುಮ, ಮಡಿಲಲ್ಲಿ ನಿಂಬೆಹಣ್ಣಿನ ಚೀಲ. ಉಪವಾಸದ ಹುಡುಗಿ, ಜಪ ಮಾಡುತ್ತಿದ್ದಾಳೆ ಎಂದುಕೊಂಡು ಬಂದವರೆಲ್ಲ ಸದ್ದು ಮಾಡದೆ ದಾಟಿ ಹೋಗಿದ್ದರಂತೆ. ಮೈ ಬೆವರಿನಲ್ಲಿ ತೊಯ್ದಿತ್ತು, ಕರೆದರೆ ಮಾತಿಲ್ಲ. ಇನ್ನು ಸ್ವಲ್ಪ ಹೊತ್ತು ಹೋಗಿದ್ದರೆ ಕೈಗೆ ಸಿಗುತ್ತಿರಲಿಲ್ಲ ಎಂದರು ಆಸ್ಪತ್ರೆಯ ಡಾಕ್ಟರು.

ಆ ವರ್ಷದ ಪರೀಕ್ಷೆ ಇಬ್ಬರಿಗೂ ಹೋಯಿತು. ರೇಖಾ ಮೇಡಂ ನಿಯಮ ಬಿಡಲಿಲ್ಲ, ಬಿಡಿ ಎಂದು ಶಾಂತಲಾ ಕೇಳಲೂ ಇಲ್ಲ. ಈಗ ಮೇಡಂ ಪ್ರತಿ ಹೆಸರಿಗೂ ತಲೆಯೆತ್ತಿ ಮುಖ ನೋಡುತ್ತಾರೆ. ಶಿವವ್ವ ಎಲ್ಲ ಕೇಳಿ ಎರಡು ದಿನ ಮಗಳೊಂದಿಗೆ ಮಾತು ಬಿಟ್ಟಳು. ಇಟ್ಟಮಡುವಿನ ಬೀದಿಯಲ್ಲಿ ಈಗ ಹಾಲಿನವನು ಕೂಗಿದರೆ ಅದು ಹಾಲಿನವನೇ, ಅಣ್ಣಮ್ಮಜ್ಜಿಗೆ ಬೇಜಾರು.

ಆಸ್ಪತ್ರೆಯಲ್ಲಿ ಸಮನ್ವಿತಾ ಕಣ್ಣು ಬಿಟ್ಟದ್ದು ಮರುದಿನ. ಅಪ್ಪ ಹೊರಗೆ ಔಷಧಿ ತರಲು ಹೋಗಿದ್ದರು. ಮಂಚದ ಪಕ್ಕದಲ್ಲಿ ಗೆಳತಿಯನ್ನು ಕಂಡು, ಒಣಗಿದ ತುಟಿ ಬಿಡಿಸಿ, ಮೊದಲು ಕೇಳಿದ ಮಾತು ಅದೇ.

"ನನ್ನ ಅಟೆಂಡೆನ್ಸ್ ಹಾಕಿಸ್ದೇನೇ?"

ಆ ತೆಳ್ಳನೆಯ ದನಿ ಕೇಳಿದ್ದೇ ಶಾಂತಲಾ ಮಂಚದ ಮೇಲೆ ಬಗ್ಗಿದಳು. ತನ್ನ ಗಂಟಲಿನಿಂದಲ್ಲದೆ, ಅವಳ ಬಾಯಿಂದಲೇ ಬಂದ ದನಿ ಅದು. ಗೆಳತಿಯ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಅತ್ತಳು.

"ಇಲ್ಲ ಕಣೆ," ಎಂದಳು. "ನೀನು ಆಬ್ಸೆಂಟ್."