ಚಿತ್ರದ ಪಕ್ಕದ ಖಾಲಿ ಗೋಡೆ

ಶಿಗ್ಗಾಂವಿಯ ಕಾಲೇಜೊಂದರ ಸಭಾಂಗಣದಲ್ಲಿ ಸುತ್ತಲಿನ ಊರುಗಳ ಹಳೆಯ ಫೋಟೋಗಳ ಪ್ರದರ್ಶನ. ಯಾವ ಚಿತ್ರ ಎಲ್ಲಿರಬೇಕು, ಅದರ ಕೆಳಗೆ ಏನು ಬರೆಯಬೇಕು ಎಂಬುದೆಲ್ಲ ನನ್ನ ಪಾಲಿನ ಕೆಲಸ. ವಾರಗಟ್ಟಲೆ ಆ ಚಿತ್ರಗಳೊಂದಿಗೇ ಇದ್ದೆ. ಮಧ್ಯಾಹ್ನದ ಜೊಂಪಿನಲ್ಲಿ ಅವುಗಳೊಳಗಿನ ಜನ ನನ್ನ ಸುತ್ತ ಮೆಲ್ಲಗೆ ಓಡಾಡುತ್ತಿದ್ದಂತೆ ಅನಿಸುತ್ತಿತ್ತು.

ಮೊದಲ ದಿನವೇ ಸವಣೂರು ಕಡೆಯ ಒಬ್ಬ ಮುದುಕಿ ಬಂದಳು. ಬಾವಿಯೊಂದರ ಚಿತ್ರದೆದುರು ಬಹಳ ಹೊತ್ತು ನಿಂತಳು. ಬಿಸಿಲಲ್ಲಿ ಹೊಳೆಯುವ ಕೊಡಗಳು, ಹಗ್ಗ ಜಗ್ಗುವ ಹೆಂಗಸರು.

"ತಂಗೀ, ಕೆಳಗ ಏನು ಬರದೀಯವ್ವಾ? ನನಗ ಓದಾಕ ಬರಂಗಿಲ್ಲ."

"ಊರ ಬಾವಿ. ಊರಿನವರೆಲ್ಲ ಇಲ್ಲಿ ನೀರು ಸೇದುತ್ತಿದ್ದರು," ಎಂದು ಓದಿದೆ.

"ಎಲ್ಲಾರೂ ಅಂದ್ರ?" ಎಂದಳು. ಅವಳ ಬೆರಳು ಚಿತ್ರದ ಮೇಲೆ ಸರಿಯುತ್ತ, ಚೌಕಟ್ಟು ದಾಟಿ, ಬಿಳಿ ಗೋಡೆಯ ಮೇಲೆ ನಿಂತಿತು. "ನಮಗ ಆ ಬಾವಿ ಮುಟ್ಟಾಕ ಬಿಡತಿದ್ದಿಲ್ಲ. ನಾವು ಇಲ್ಲೆ ನಿಂದರತಿದ್ವಿ. ಯಾರರ ಬಂದು ನಮ್ಮ ಕೊಡಕ್ಕ ಹೊಯ್ಯೋ ಮಟಾ."

ನನಗೆ ನಾಚಿಕೆಯಾಯಿತು. ಇಷ್ಟು ದಿನ ನೋಡಿದ ಚಿತ್ರದಲ್ಲಿ ಅಷ್ಟು ಮಂದಿ ಇಲ್ಲದ್ದು ನನಗೆ ಕಂಡೇ ಇರಲಿಲ್ಲ.

"ಇದನ್ನ ಬರೀಲೇನ್ರಿ, ಅವ್ವಾ?"

"ಬರಿ. ಹೆಸರು ಬ್ಯಾಡ." ಮತ್ತೆ ಹೇಳಿದಳು: "ನೀರು ಭಾಳ ತಣ್ಣಗಿತ್ತು. ಅದನ್ನೂ ಬರಿ."

ಅಂದೇ ಹಳೆಯ ಬರಹ ಕಿತ್ತೆ. ಪಕ್ಕದಲ್ಲಿದ್ದ ಚಿಕ್ಕೇರೂರಿನ ಮದುವೆಯ ಫೋಟೋವನ್ನು ದೂರ ಸರಿಸಿ, ನಡುವೆ ಒಂದು ಮಾರಿನಷ್ಟು ಗೋಡೆಯನ್ನು ಖಾಲಿ ಬಿಟ್ಟೆ. ಅವಳ ಬೆರಳು ನಿಂತಿದ್ದ ಜಾಗದಲ್ಲೇ, ಸಣ್ಣ ಅಕ್ಷರಗಳಲ್ಲಿ ಅವಳ ಮಾತನ್ನು ಅವಳು ಆಡಿದಂತೆಯೇ ಬರೆದೆ.

"ಗ್ವಾಡಿ ಬೋಳ ಕಾಣತೈತಲ್ರಿ, ಏನರ ಹಾಕ್ರಿ," ಎಂದರು ಅಲ್ಲಿಯ ಮೇಷ್ಟ್ರೊಬ್ಬರು.

"ಇರಲಿ ಬಿಡ್ರಿ ಸರ್," ಎಂದೆ.

ಬಂದವರು ಬಾವಿಯನ್ನು ನೋಡಿ, ಕೆಳಗೆ ಬರಹ ಕಾಣದೆ ಪಕ್ಕದ ಸಣ್ಣ ಅಕ್ಷರಗಳತ್ತ ಸರಿಯುತ್ತಿದ್ದರು. ಓದುತ್ತ ಅಲ್ಲೇ, ಆ ಖಾಲಿ ಜಾಗದ ಮುಂದೆ ನಿಂತುಬಿಡುತ್ತಿದ್ದರು. ಮೇಲಿನ ಕಿಂಡಿಯ ಬೆಳಕು ಅವರ ನೆರಳನ್ನು ಗೋಡೆಗೆ ಹಚ್ಚುತ್ತಿತ್ತು. ಹೆದ್ದಾರಿಯ ಬಸ್ಸುಗಳ ಸದ್ದು ಎಲ್ಲೋ ದೂರದಿಂದ ತೇಲಿ ಬರುತ್ತಿತ್ತು.

ಕೊನೆಯ ದಿನ ಮುದುಕಿ ಮೊಮ್ಮಗಳನ್ನು ಕರೆದುಕೊಂಡು ಬಂದಳು. ಹುಡುಗಿ ಗೋಡೆಯ ಮೇಲಿನದನ್ನು ತಡೆತಡೆದು ಓದಿದಳು. ಬೇರೆ ಯಾರದೋ ಮಾತು ಎಂಬಂತೆ ಅಜ್ಜಿ ತಲೆ ಬಾಗಿಸಿ ಕೇಳಿದಳು.

"ಇನ್ನೊಮ್ಮೆ ಓದು," ಎಂದಳು. "ಸಣ್ಣಗ ಓದಬ್ಯಾಡ."

ಹುಡುಗಿ ದನಿ ಎತ್ತರಿಸಿದಳು. ಹೊರಗೆ ಹೊರಟಿದ್ದ ಇಬ್ಬರು ಬಾಗಿಲಲ್ಲಿ ನಿಂತು ತಿರುಗಿ ನೋಡಿದರು.